ಇಂಬಳ ಮುಟ್ಟದ ಕಾಲು

ಜಿಗಣೆ ಎನ್ನುವುದು ಪುಸ್ತಕದ ಮಾತು. ಮಲ್ಲಂದೂರಿನ ಮೇಲಿನ ತೋಟಗಳಲ್ಲಿ ಅದಕ್ಕೆ ಇಂಬಳ ಎನ್ನುತ್ತಾರೆ. ಇಂಬಳಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಸಾಹುಕಾರರ ಕಾಲಿಗೂ ಹತ್ತುತ್ತದೆ, ಆಳುಗಳ ಕಾಲಿಗೂ ಹತ್ತುತ್ತದೆ, ತೋಟ ನೋಡಲು ಬಂದ ನೆಂಟರ ಕಾಲ್ಚೀಲದೊಳಗೂ ಇಳಿಯುತ್ತದೆ. ಮಳೆಗಾಲದ ಸಂಜೆ ಕೆಲಸ ಬಿಟ್ಟ ಮೇಲೆ ಬಿಳಿಗಲ್ಲು ಎಸ್ಟೇಟಿನ ಸ್ಟೋರಿನ ಜಗಲಿಯಲ್ಲಿ ಎಲ್ಲರೂ ಸಾಲಾಗಿ ಕುಳಿತು ಕಾಲು ನೋಡಿಕೊಳ್ಳುವುದು ಒಂದು ಪದ್ಧತಿಯೇ ಆಗಿತ್ತು. ಆ ಜಗಲಿಯಲ್ಲಿ ರೈಟರ್ ಶಾಂತವೀರಪ್ಪನಿಗೆ ಮಾತ್ರ ಒಂದು ಹೆಮ್ಮೆ ಇತ್ತು. ಅವನ ಎಡಗಾಲನ್ನು ಇಂಬಳ ಮುಟ್ಟುತ್ತಿರಲಿಲ್ಲ.

ಬಲಗಾಲಿನಲ್ಲಿ ಐದೋ ಆರೋ ಕಚ್ಚಿಕೊಂಡು, ಕುಡಿದು ದಪ್ಪಗಾಗಿ ಜೋಲಾಡುತ್ತಿದ್ದವು. ಎಡಗಾಲು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗೆ ಬೆಳ್ಳಗೆ, ನುಣ್ಣಗೆ. ರೋಮ ಕೂಡ ಉದುರಿಹೋಗಿತ್ತು.

"ರೈಟ್ರೇ, ಎಡಗಾಲಿಗೆ ಮಂತ್ರ ಹಾಕಿಸ್ಕೊಂಡಿದೀರಾ ಹೆಂಗೆ?" ಎಂದು ಕೇಳಿದ್ದಳು ರಂಗಮ್ಮ. ಅವಳು ತೋಟದ ಹಳೆಯ ಆಳು, ಶಾಂತವೀರಪ್ಪ ಬಂದ ವರ್ಷವೇ ಬಂದವಳು.

"ಮಂತ್ರ ಎಂಥದು ಮಾರಾಯ್ತಿ. ಮೂವತ್ತೈದು ವರ್ಷ ಬೀಡಿ ಸೇದಿದ ಮೈ ಇದು. ರಕ್ತಕ್ಕೇ ಹೊಗೆಸೊಪ್ಪು ಇಳಿದೈತೆ. ಇಂಬಳಕ್ಕೆ ಘಾಟು ತಡೆಯಲ್ಲ."

"ಹಂಗಾದ್ರೆ ಬಲಗಾಲಿಗೆ ಯಾಕೆ ಇಳಿದಿಲ್ಲ?"

ಎಲ್ಲರೂ ನಕ್ಕರು, ಶಾಂತವೀರಪ್ಪನೂ ನಕ್ಕ. ಆ ನಗುವಿನಲ್ಲಿ ಒಂದು ಒಳ್ಳೆಯ ಪ್ರಶ್ನೆ ಕಳೆದುಹೋಯಿತು. ಅದಕ್ಕೆ ಆಗಲೇ ಯಾರಾದರೂ ಉತ್ತರ ಹುಡುಕಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ತೋಟದ ರೈಟರ್ ಎಂದರೆ ಕೂತು ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿಕೊಂಡು, ಯಾರು ಯಾವ ಕಡೆ ಎಂದು ಹಂಚಿ, ಅಲ್ಲಿಂದ ಸಂಜೆಯವರೆಗೆ ಏರು ಇಳಿಜಾರಿನಲ್ಲಿ ಸುತ್ತುತ್ತಲೇ ಇರಬೇಕು. ಶಾಂತವೀರಪ್ಪ ಕಡೂರಿನ ಕಡೆಯ ಬಯಲು ಸೀಮೆಯವನು. ಪಿಯುಸಿಯಲ್ಲಿ ಎರಡು ಸಲ ಫೇಲಾಗಿ, ಇಪ್ಪತ್ತನೆಯ ವರ್ಷದಲ್ಲಿ ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲೊಂದು ತಗಡಿನ ಪೆಟ್ಟಿಗೆ ಹಿಡಿದು ಈ ಬೆಟ್ಟಕ್ಕೆ ಬಂದ. ಅಲ್ಲಿಯವರೆಗೆ ಇಂಬಳವನ್ನು ಕಂಡೇ ಇರಲಿಲ್ಲ. ಮೊದಲ ಮಳೆಯ ದಿನ ಕಾಲಿನ ತುಂಬ ಹತ್ತಿದ್ದನ್ನು ನೋಡಿ ಕುಣಿದಾಡಿದ್ದನ್ನು ರಂಗಮ್ಮ ಈಗಲೂ ಮಾಡಿ ತೋರಿಸುತ್ತಾಳೆ. ಆಗಿನ ಮೇಸ್ತ್ರಿ ಬೀಡಿ ಹಚ್ಚಿ ಕೊಟ್ಟು, ಅದರ ಕೆಂಡ ತಾಗಿಸಿದರೆ ಇಂಬಳ ತಾನಾಗಿ ಉದುರುತ್ತದೆ ಎಂದು ಹೇಳಿಕೊಟ್ಟ. ಕೆಂಡ ಆರದಿರಬೇಕಾದರೆ ನಡುನಡುವೆ ಒಂದೊಂದು ದಮ್ಮು ಎಳೆಯಲೇಬೇಕು. ಹೀಗೆ ಕಾಲಿಗೆಂದು ಹಚ್ಚಿದ ಬೀಡಿ ಬಾಯಿಗೆ ಬಂದು ಅಲ್ಲೇ ಉಳಿಯಿತು. ಸಿದ್ದಗಂಗಮ್ಮ ಮದುವೆಯಾಗಿ ಬಂದಾಗ ದಿನಕ್ಕೆ ಒಂದು ಕಟ್ಟು. ಅವಳು ಬೈದಾಗಲೆಲ್ಲ "ಇಂಬಳಕ್ಕೆ ಬೇಕಲ್ಲ" ಎನ್ನುತ್ತಿದ್ದ. ಕಳ್ಳನಿಗೊಂದು ಪಿಳ್ಳೆ ನೆವ. ಇಂಬಳವೇ ಇಲ್ಲದ ಬೇಸಗೆಯಲ್ಲಿ ಯಾಕೆ ಎಂದು ಕೇಳಿದರೆ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ತೋಟಕ್ಕೆ ಹೊರಡುತ್ತಿದ್ದ.

ಐವತ್ತನಾಲ್ಕು ದಾಟುವ ಹೊತ್ತಿಗೆ ಎಡಗಾಲಿನ ಮೀನಖಂಡ ಹಿಡಿಯತೊಡಗಿತು. ಏರು ಹತ್ತುವಾಗ ಯಾರೋ ಹಿಂದಿನಿಂದ ಹಿಂಡಿದ ಹಾಗೆ ನೋವು. ನಿಂತರೆ ಎರಡೇ ನಿಮಿಷದಲ್ಲಿ ಹೋಗುತ್ತಿತ್ತು. ಮತ್ತೆ ನಡೆದರೆ ಮತ್ತೆ ಬರುತ್ತಿತ್ತು. ಆಳುಗಳ ಎದುರಿಗೆ ಸುಮ್ಮನೆ ನಿಲ್ಲುವುದು ರೈಟರಿಗೆ ಶೋಭೆಯಲ್ಲ. ಅದಕ್ಕಾಗಿ ಶಾಂತವೀರಪ್ಪ ನಿಂತಲ್ಲೆಲ್ಲ ಹತ್ತಿರದ ಕಾಫಿ ಗಿಡವನ್ನು ಹಿಡಿದು, ಬಗ್ಗಿ, ಕಾಂಡದಲ್ಲಿ ಬೋರರ್ ಬಿದ್ದಿದೆಯೇ ಎಂದು ನೋಡತೊಡಗಿದ. ಬೋರರ್ ಎಂದರೆ ಕಾಂಡ ಕೊರೆಯುವ ಹುಳು. ಅದು ಒಳಗೇ ಸುತ್ತು ಹೊಡೆದು ನೀರು ಹರಿಯುವ ದಾರಿಯನ್ನು ತಿಂದುಹಾಕುತ್ತದೆ. ಹೊರಗೆ ಎಲೆ ಹಳದಿಯಾಗಿ ಜೋತುಬಿದ್ದಾಗಲೇ ಗೊತ್ತಾಗುವುದು, ಆಗ ಕಾಲ ಮಿಂಚಿರುತ್ತದೆ. ಗಿಡವನ್ನು ಕಿತ್ತು ಸುಡುವುದೊಂದೇ ದಾರಿ. ಶಾಂತವೀರಪ್ಪ ಗಿಡ ನೋಡಿ, ಒಂದು ಬೀಡಿ ಹಚ್ಚಿ, ನೋವು ಇಳಿದ ಮೇಲೆ ಮುಂದೆ ಹೋಗುತ್ತಿದ್ದ. ಮೊದಲು ಎಂಬತ್ತು ಗಿಡಕ್ಕೊಮ್ಮೆ ನಿಲ್ಲುತ್ತಿದ್ದವನು, ಮರುವರ್ಷ ನಲವತ್ತಕ್ಕೆ, ಅದರಾಚೆ ಹದಿನೈದಕ್ಕೆ ನಿಲ್ಲುವಂತಾದ.

ತೋಟದ ಯಜಮಾನರಾದ ವಿಶ್ವನಾಥ್ ಇದನ್ನು ಕಂಡು ಬಂದವರೆದುರೆಲ್ಲ ಹೊಗಳಿದರು. "ನಮ್ಮ ರೈಟರ್ ನೋಡಿ, ಒಂದೊಂದು ಗಿಡಾನೂ ನಿಂತು ನೋಡ್ತಾರೆ. ಇಂಥೋರು ಈಗ ಸಿಕ್ತಾರೇನು?" ಹೊಗಳಿಕೆ ಪೂರ್ತಿ ಸುಳ್ಳೂ ಅಲ್ಲ. ಆ ಮೂರು ವರ್ಷ ಬಿಳಿಗಲ್ಲಿನಲ್ಲಿ ಬೋರರ್ ಬಿದ್ದ ಗಿಡ ಒಂದೂ ತಪ್ಪಿಸಿಕೊಳ್ಳಲಿಲ್ಲ. ಗಿಡದ ರೋಗವನ್ನು ಬೆರಳಿನಿಂದ ತಟ್ಟಿ ಹೇಳುವ ಮನುಷ್ಯ, ನೋವು ಹಿಡಿದ ತನ್ನ ಕಾಲನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ. ಅದನ್ನು ನೆನೆದರೆ ಸಿಟ್ಟೂ ಬರುತ್ತದೆ, ಅಯ್ಯೋ ಎಂದೂ ಅನಿಸುತ್ತದೆ.

ಕೊಯ್ಲು ಶುರುವಾದ ನವೆಂಬರಿನಲ್ಲಿ ಎಡಗಾಲಿನ ಕಿರುಬೆರಳು ಒಂದು ಮೋಟುಗೂಟಕ್ಕೆ ತಾಗಿತು. ನೋವೇನೂ ಹೆಚ್ಚಾಗಲಿಲ್ಲ, ರಕ್ತವೂ ಬರಲಿಲ್ಲ. ರಕ್ತ ಬಾರದ್ದನ್ನು ಕಂಡು ಗಾಯ ಸಣ್ಣದೆಂದುಕೊಂಡ. ಅರಿಸಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ. ಒಂದು ತಿಂಗಳಾದರೂ ಗಾಯ ಹಾಗೇ ಇತ್ತು, ಆಮೇಲೆ ಕಪ್ಪಾಗತೊಡಗಿತು. ಮಲಗಿದರೆ ಕಾಲು ಉರಿಯುತ್ತಿತ್ತು, ಮಂಚದಿಂದ ಕೆಳಗೆ ಇಳಿಬಿಟ್ಟರೆ ಸ್ವಲ್ಪ ಹಾಯೆನಿಸುತ್ತಿತ್ತು. ಒಂದು ಬೆಳಿಗ್ಗೆ ಅವನು ಲಿಂಗಪೂಜೆಗೆ ಕುಳಿತಾಗ ಸಿದ್ದಗಂಗಮ್ಮನ ಮೂಗಿಗೆ ವಿಭೂತಿಯ ಜೊತೆಗೆ ಇನ್ನೊಂದು ವಾಸನೆ ಬಂತು. ಪೂಜೆ ಮುಗಿದ ಮೇಲೆ ಕಾಲಿನ ಬಟ್ಟೆ ಬಿಚ್ಚಿ ನೋಡಿದಳು.

"ಇದನ್ನ ಇಟ್ಕೊಂಡು ತೋಟ ಸುತ್ತುತಾ ಇದ್ರಾ?" ಎಂದಷ್ಟೇ ಕೇಳಿದಳು. ಮಧ್ಯಾಹ್ನದೊಳಗೆ ಯಜಮಾನರ ಜೀಪು ಬಂತು.

ಮಂಗಳೂರಿಗೆ ಹೋಗುವ ದಾರಿಯಲ್ಲಿ, ಘಾಟಿ ಇಳಿಯುವ ಮೊದಲು ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ಜೀಪು ನಿಲ್ಲಿಸಿದರು. ಶಾಂತವೀರಪ್ಪ ಹೋಟೆಲಿನ ಹಿಂದೆ ಹೋಗಿ ಒಂಟಿಕಾಲಿನ ಮೇಲೆ ನಿಂತು ಬೀಡಿ ಸೇದಿ ಬಂದ. ಸಿದ್ದಗಂಗಮ್ಮ ನೋಡಿಯೂ ನೋಡದವಳಂತೆ ಕೂತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಗಾನವಿ ಎಂಬ ನಲವತ್ತರ ಹೆಂಗಸು ಅವನ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕುಳಿತರು. ಆಮೇಲೆ ಕಾಲಿಗೆ ತಣ್ಣನೆಯದೇನೋ ಸವರಿ, ಪೆನ್ನಿನಂಥ ಒಂದು ಯಂತ್ರ ಒತ್ತಿದರು. ಬಲಗಾಲಿನಲ್ಲಿ ಬುಸ್, ಬುಸ್ ಎಂದು ರಕ್ತ ಹರಿಯುವ ಸದ್ದು ಕೋಣೆಗೆಲ್ಲ ಕೇಳಿಸಿತು. ಎಡಗಾಲಿನಲ್ಲಿ ಎಲ್ಲಿ ಇಟ್ಟರೂ ಸದ್ದಿಲ್ಲ. ಆ ಮೌನ ಶಾಂತವೀರಪ್ಪನಿಗೆ ಹಿಡಿಸಲಿಲ್ಲ. ಎಡಗಾಲಿನ ಪರವಾಗಿ ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿತು.

"ಗಟ್ಟಿ ಕಾಲೇ ಮೇಡಂ ಅದು. ಇಂಬಳ ಕೂಡ ಮುಟ್ಟಲ್ಲ," ಎಂದ.

ಡಾಕ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಎಷ್ಟು ವರ್ಷ ಆಯ್ತು ಮುಟ್ಟದೆ?"

"ಮೂರು ಮಳೆಗಾಲ."

"ನಮ್ಮ ಮನೆ ಹೊರನಾಡಿನ ಹತ್ತಿರ ಶಾಂತವೀರಪ್ಪನವರೇ. ಇಂಬಳ ನನಗೂ ಗೊತ್ತು. ಅದು ಬಿಸಿ ರಕ್ತ ಹುಡುಕಿಕೊಂಡು ಬರುತ್ತೆ. ನಿಮ್ಮ ಎಡಗಾಲಲ್ಲಿ ಅದಕ್ಕೆ ಏನೂ ಸಿಗಲಿಲ್ಲ. ಮೂರು ವರ್ಷದಿಂದ ಅದು ಹೇಳ್ತಾ ಇತ್ತು, ನೀವು ಕೇಳಿಸಿಕೊಳ್ಳಲಿಲ್ಲ."

ಶಾಂತವೀರಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಮೂರು ವರ್ಷ ಜಗಲಿಯಲ್ಲಿ ಕೂತು ಎಲ್ಲರಿಗೂ ತೋರಿಸಿ ಮೆರೆದದ್ದು ಸಾಯುತ್ತಿದ್ದ ಕಾಲನ್ನು ಎಂದು ಅವನಿಗೆ ಆಗ ಗೊತ್ತಾಯಿತು.

ಎರಡು ದಿನದ ಪರೀಕ್ಷೆಗಳ ಬಳಿಕ ಡಾಕ್ಟರ್ ಗಂಡಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡರು. ಮೊಣಕಾಲಿನ ಕೆಳಗಿನ ರಕ್ತನಾಳಗಳು ಮುಚ್ಚಿಹೋಗಿದ್ದವು. ತೀರ ಸಣ್ಣವಾದ್ದರಿಂದ ಬೇರೆ ನಾಳ ಜೋಡಿಸುವಂತಿರಲಿಲ್ಲ. ಕಿರುಬೆರಳು ಹೇಗೂ ಹೋಯಿತು. ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಗಬಹುದು.

"ತೆಗೀರಿ," ಎಂದ ಶಾಂತವೀರಪ್ಪ. "ಬೋರರ್ ಬಿದ್ದ ಗಿಡ ಇಟ್ಕೊಂಡು ಕೂರೋರಲ್ಲ ನಾವು. ಕಿತ್ತು ಸುಡಬೇಕು."

ಸಿದ್ದಗಂಗಮ್ಮ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. "ಅವರ ಮಾತು ಬಿಡಿ ಡಾಕ್ಟ್ರಮ್ಮ. ಕಿತ್ತ ಗಿಡದ ಜಾಗದಲ್ಲಿ ಇನ್ನೊಂದು ಸಸಿ ಇಡ್ತಾರೆ. ಇಲ್ಲಿ ಏನು ಇಡ್ತೀರಿ? ಬೇರೆ ದಾರಿ ಒಂದಾದ್ರೂ ಇದ್ರೆ ಹೇಳಿ."

ದಾರಿ ಒಂದಿತ್ತು, ಆದರೆ ಅದು ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಡಾಕ್ಟರ್ ನಿಧಾನವಾಗಿ ವಿವರಿಸಿದರು. "ಕಾಡಲ್ಲಿ ದಾರಿ ತಪ್ಪಿದವರು ಕೂ ಹಾಕ್ತಾರಲ್ಲ, ರಕ್ತ ಸಿಗದ ಮಾಂಸ ಕೂಡ ಹಾಗೇ ಕರೆಯುತ್ತೆ. ಅದರ ಕರೆ ರಾಸಾಯನಿಕದ್ದು. ಕೀಮೋಕೈನ್ ಅಂತ ಹೆಸರು. ಮೂಳೆಯೊಳಗಿನ ಮಜ್ಜೆಯಲ್ಲಿ ಕೆಲವು ಜೀವಕೋಶಗಳಿರ್ತವೆ. ಅವು ಆ ಕರೆ ಹಿಡಿದು ಬಂದು, ಅಲ್ಲಿ ಹೊಸ ಸಣ್ಣ ನಾಳಗಳು ಚಿಗುರೋಕೆ ಸಹಾಯ ಮಾಡ್ತವೆ. ನಿಮ್ಮ ಕಾಲು ಮೂರು ವರ್ಷದಿಂದ ಕರೀತಾ ಇದೆ. ಬರಬೇಕಾದೋರು ಸಾಕಷ್ಟು ಬಂದಿಲ್ಲ."

"ಯಾಕೆ ಬಂದಿಲ್ಲ?" ಸಿದ್ದಗಂಗಮ್ಮ ಕೇಳಿದಳು.

"ವಯಸ್ಸು ಒಂದು. ಅದಕ್ಕಿಂತ ದೊಡ್ಡದು ಹೊಗೆ. ಬೀಡಿ ನಾಳ ಮುಚ್ಚೋದಷ್ಟೇ ಅಲ್ಲ, ಬರೋ ಜೀವಕೋಶಗಳನ್ನೂ ಕಡಿಮೆ ಮಾಡುತ್ತೆ." ಡಾಕ್ಟರ್ ಶಾಂತವೀರಪ್ಪನ ಕಡೆ ನೋಡಿದರು. "ನಿಮ್ಮ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರ ಜೀವಕೋಶಗಳನ್ನ ಮೀನಖಂಡಕ್ಕೆ ಚುಚ್ಚಿ ಕೊಡ್ತೀವಿ. ಕೆಲವರಿಗೆ ಫಲ ಕೊಟ್ಟಿದೆ, ಕೆಲವರಿಗೆ ಕೊಟ್ಟಿಲ್ಲ. ನಾನು ಭರವಸೆ ಕೊಡಲ್ಲ. ಜೂನ್ ಕೊನೆವರೆಗೆ ಕಾಯೋಣ. ಅಷ್ಟರಲ್ಲಿ ಗಾಯ ಒಣಗಿ ಪಾದ ಬೆಚ್ಚಗಾದ್ರೆ ಸರಿ. ಇಲ್ಲದಿದ್ರೆ ತೆಗೀಲೇಬೇಕು. ಒಂದು ದಮ್ಮು ಎಳೆದ್ರೂ ನನ್ನ ಹತ್ತಿರ ಬರಬೇಡಿ."

ಹಾಗೇ ಆಯಿತು. ಕಿರುಬೆರಳು ಹೋಯಿತು. ಮೀನಖಂಡಕ್ಕೆ ಮೂವತ್ತಕ್ಕೂ ಹೆಚ್ಚು ಸೂಜಿಗಳು ಬಿದ್ದವು. ಫೆಬ್ರವರಿಯ ಕೊನೆಯಲ್ಲಿ ಘಾಟಿ ಹತ್ತಿ ಬರುವಾಗ ಕೊಟ್ಟಿಗೆಹಾರದಲ್ಲಿ ಜೀಪು ನಿಂತಿತು. ಶಾಂತವೀರಪ್ಪ ಕೆಳಗೆ ಇಳಿಯಲಿಲ್ಲ.

ಡಾಕ್ಟರ್ ಹೇಳಿ ಕಳಿಸಿದ ಇನ್ನೊಂದು ಮಾತು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತ್ತು. ನಡೆಯಬೇಕು, ನೋವು ಬಂದಾಗ ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ಹಾಗೆ ನಡೆದಷ್ಟೂ ಮಾಂಸದ ಕರೆ ಜೋರಾಗುತ್ತದಂತೆ. ಅಂದರೆ ಮೂರು ವರ್ಷ ತೋಟದಲ್ಲಿ ಅವನು ತಿಳಿಯದೇ ಮಾಡಿದ್ದು ಸರಿಯಾದ ಔಷಧಿಯನ್ನೇ. ನಿಂತಲ್ಲೆಲ್ಲ ಬೀಡಿ ಹಚ್ಚದೆ ಇದ್ದಿದ್ದರೆ! ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೊಯ್ಲು ಮುಗಿದು ಖಾಲಿಯಾದ ಕಾಫಿ ಕಣದಲ್ಲಿ ಅವನು ದಿನವೂ ನಡೆದ. ಎರಡು ಸುತ್ತು, ನೋವು, ನಿಲ್ಲು. ಮತ್ತೆ ಎರಡು ಸುತ್ತು. ವಿಶ್ವನಾಥ್ ಬಂದು ನೋಡಿ ಹೋಗುತ್ತಿದ್ದರು. ಹೊಗಳಿದ ಮಾತು ನೆನಪಾಗಿ ಅವರಿಗೂ ಮುಜುಗರವಾಗಿತ್ತೋ ಏನೋ, "ನಿಧಾನ ರೈಟ್ರೇ" ಎನ್ನುವುದನ್ನು ಬಿಟ್ಟು ಹೆಚ್ಚು ಮಾತಾಡುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಸಿದ್ದಗಂಗಮ್ಮ ಎರಡೂ ಅಂಗೈಗಳನ್ನು ಅವನ ಎರಡು ಪಾದಗಳ ಮೇಲಿಟ್ಟು ತೂಗಿದಂತೆ ನೋಡುತ್ತಿದ್ದಳು. ಬಲಪಾದ ಬೆಚ್ಚಗೆ, ಎಡಪಾದ ತಣ್ಣಗೆ. ಆಮೇಲೆ ಗಾಯದ ಬಟ್ಟೆ ಬದಲಿಸುತ್ತಿದ್ದಳು. ಬಟ್ಟೆ ಪ್ರತಿದಿನವೂ ಒಣಗಿಯೇ ಇರುತ್ತಿತ್ತು, ಒಂದು ಹನಿ ಕೆಂಪಿಲ್ಲ.

ಮೇ ತಿಂಗಳ ಮಳೆ ಬಿದ್ದು ಇಂಬಳ ಎದ್ದವು. ಒಂದು ದಿನ ಸ್ಟೋರಿನ ಹಿಂದೆ ಅವನ ಬಲಗಾಲಿಗೆ ಒಂದು ಹತ್ತಿತು. ಮೂವತ್ತೇಳು ವರ್ಷದ ಅಭ್ಯಾಸ. ಕೈ ತಾನಾಗಿ ಜೇಬಿಗೆ ಹೋಯಿತು, ಜೇಬು ಖಾಲಿ. ಅಲ್ಲೇ ಕೂತಿದ್ದ ಆಳೊಬ್ಬನಿಂದ ಬೀಡಿ ಇಸಿದುಕೊಂಡ. ಸೇದುವುದಕ್ಕಲ್ಲ, ಇಂಬಳಕ್ಕೆ. ಹಚ್ಚಿದ. ಕೆಂಡ ಆರಬಾರದಲ್ಲ, ಒಂದು ದಮ್ಮು ಎಳೆದ. ತಲೆಯೆತ್ತಿದರೆ ಸಿದ್ದಗಂಗಮ್ಮ ನಿಂತಿದ್ದಳು.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಕೂಗಾಡಲಿಲ್ಲ. "ಬೆಳಿಗ್ಗೆ ಲಿಂಗ ಹಿಡಿದಿದ್ದು ಇದೇ ಅಂಗೈ ಅಲ್ವಾ?" ಎಂದಳು. "ನನಗೆ ನಿಮ್ಮ ಕಾಲು ಬೇಕು ಕಣ್ರೀ. ಬೇರೆ ಏನೂ ಕೇಳಿಲ್ಲ ನಾನು ಇಷ್ಟು ವರ್ಷ," ಎಂದಳು.

ಶಾಂತವೀರಪ್ಪ ಬೀಡಿಯನ್ನು ನೆಲಕ್ಕೆ ಉಜ್ಜಿ ಆರಿಸಿದ. ಅಷ್ಟು ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. ಇಂಬಳ ಬಲಗಾಲಿನಲ್ಲಿ ಹಾಗೇ ಕುಡಿಯುತ್ತಿತ್ತು. ಸಿದ್ದಗಂಗಮ್ಮ ಒಳಗೆ ಹೋಗಿ, ಬಟ್ಟೆಯ ಚೂರಿನಲ್ಲಿ ಕಲ್ಲುಪ್ಪು ಕಟ್ಟಿ, ಆ ಗಂಟನ್ನು ಒಂದು ಬೆತ್ತದ ತುದಿಗೆ ಬಿಗಿದು ತಂದಳು. ಗಂಟನ್ನು ಒದ್ದೆ ಮಾಡಿ ತಾಗಿಸಿದಳು. ಇಂಬಳ ಮುದುಡಿ ಕೆಳಗೆ ಬಿತ್ತು. ಮಲೆನಾಡಿನ ಎಲ್ಲ ಹೆಂಗಸರಿಗೂ ಗೊತ್ತಿದ್ದ ಉಪಾಯ ಅದು. ಗಂಡಸರಿಗೆ ಬೀಡಿ ಬೇಕಾಗಿತ್ತು, ಅಷ್ಟೇ. ಅಂದಿನಿಂದ ಆ ಉಪ್ಪಿನ ಬೆತ್ತವೇ ಅವನ ಊರುಗೋಲಾಯಿತು. ಬೀಡಿಯನ್ನು ಅವನು ಮತ್ತೆ ಮುಟ್ಟಲಿಲ್ಲ.

ಜೂನ್ ಕೊನೆಯ ವಾರ ಬಂತು. ಬೆರಳು ತೆಗೆದ ಜಾಗ ಒಣಗಿ ಸಣ್ಣ ಹಕ್ಕಳೆ ಕಟ್ಟಿತ್ತು. ನಿಲ್ಲದೆ ಏಳು ಸುತ್ತು ಆಗುತ್ತಿತ್ತು. ಆದರೆ ಪಾದ ಬೆಚ್ಚಗಾಗಿದೆಯೋ ಇಲ್ಲವೋ ಎನ್ನುವುದು ಸಿದ್ದಗಂಗಮ್ಮನಿಗೂ ಬಗೆಹರಿಯಲಿಲ್ಲ. ಒಂದು ದಿನ ಹೌದೆನಿಸಿದರೆ ಮರುದಿನ ಅಲ್ಲವೆನಿಸುತ್ತಿತ್ತು. ಮಳೆಯ ಚಳಿಗೆ ಅವಳ ಕೈಯೇ ತಣ್ಣಗಿರುತ್ತಿತ್ತು. ನಾಳೆ ಮಂಗಳೂರಿಗೆ ಹೋಗಬೇಕು ಎನ್ನುವ ದಿನ ಅವಳು ಒಂದು ಚೀಲಕ್ಕೆ ಹತ್ತು ದಿನಕ್ಕಾಗುವಷ್ಟು ಬಟ್ಟೆ ತುಂಬಿದಳು. ಕಾಲು ತೆಗೆದರೆ ಅಷ್ಟು ದಿನ ಅಲ್ಲಿರಬೇಕಾಗುತ್ತದೆ ಎಂದು ವಿಚಾರಿಸಿಕೊಂಡಿದ್ದಳು. ಶಾಂತವೀರಪ್ಪ ಆ ಚೀಲವನ್ನು ನೋಡಿದ. ಡಾಕ್ಟರ್ ಹೇಳಿದಂತೆ ಕಾಲ್ಚೀಲ, ಬೂಟು ಹಾಕಿಕೊಂಡು, ಬೆತ್ತ ಹಿಡಿದು ಹೊರಗೆ ಹೊರಟ.

ಅಂದು ಅವನು ಕಣದಲ್ಲಿ ನಿಲ್ಲಲಿಲ್ಲ. ಎರಡು ಕಾಲಿನ ಮೇಲೆ ತೋಟವನ್ನು ಒಮ್ಮೆ ನೋಡಿ ಬರಬೇಕೆನಿಸಿತು. ಮಳೆ ಸ್ವಲ್ಪ ಹೊಳವಾಗಿತ್ತು. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಇಪ್ಪತ್ತು ಗಿಡ, ಮೂವತ್ತು ಗಿಡ, ನಲವತ್ತು. ಅರುವತ್ತನೆಯ ಗಿಡದ ಹತ್ತಿರ ಮೀನಖಂಡ ಹಿಡಿಯಿತು. ನಿಂತು, ಅಭ್ಯಾಸದಂತೆ ಗಿಡ ಹಿಡಿದು ಬಗ್ಗಿ ನೋಡಿದ. ಕಾಂಡ ಚೆನ್ನಾಗಿತ್ತು. ಅಲ್ಲೇ ಕಳೆ ತೆಗೆಯುತ್ತಿದ್ದ ರಂಗಮ್ಮ ಕತ್ತಿ ಕೆಳಗಿಟ್ಟು ಎದ್ದು ನಿಂತಳು. "ನಾಳೆ ಹೋಗಿ ಬನ್ನಿ ರೈಟ್ರೇ," ಎಂದಳು. ಮೊದಲಿನ ಹಾಗೆ ತಮಾಷೆ ಮಾಡಲಿಲ್ಲ.

ಮನೆಗೆ ಬಂದು ಜಗಲಿಯ ಬೆಂಚಿನ ಮೇಲೆ ಕುಳಿತ. ಚಹಾ ತಂದ ಸಿದ್ದಗಂಗಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ನೆಲದ ಮೇಲೆ ಅದೇನು ರಕ್ತ?"

ಶಾಂತವೀರಪ್ಪ ತನ್ನ ಬಲಗಾಲು ನೋಡಿದ. ಬಲಗಾಲಿನ ಬೂಟು ಕಳಚಿದ, ಕಾಲ್ಚೀಲ ಇಳಿಸಿದ. ಅಲ್ಲಿ ಏನೂ ಇರಲಿಲ್ಲ. ಇಬ್ಬರೂ ಒಮ್ಮೆ ಮುಖ ನೋಡಿಕೊಂಡರು. ಸಿದ್ದಗಂಗಮ್ಮ ಲೋಟವನ್ನು ಕೆಳಗಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಎಡಗಾಲಿನ ಬೂಟಿನ ಲೇಸು ಬಿಚ್ಚಿದಳು. ಬಿಳಿಯ ಕಾಲ್ಚೀಲ ಹಿಮ್ಮಡಿಯವರೆಗೆ ಕೆಂಪಾಗಿತ್ತು. ಪಾದದ ಗಂಟಿನ ಮೇಲೆ, ದಾರದ ಗಾತ್ರದ್ದು ಹೆಬ್ಬೆರಳಿನ ಗಾತ್ರವಾಗಿ, ಇಂಬಳವೊಂದು ಕಚ್ಚಿ ಕುಡಿಯುತ್ತಿತ್ತು.

ಅವಳು ಉಪ್ಪಿನ ಬೆತ್ತಕ್ಕೆ ಕೈ ಚಾಚಿದಳು.

"ಇರು," ಎಂದ ಶಾಂತವೀರಪ್ಪ. "ಒಂದು ಗಳಿಗೆ ಇರಲಿ ಬಿಡು. ಕುಡೀಲಿ."

"ಆ ಕಾಲಿಗೆ ಗಾಯ ಆಗಬಾರದು ಅಂದಿದ್ದಾರೆ," ಎನ್ನುತ್ತಲೇ ಅವಳು ಉಪ್ಪು ತಾಗಿಸಿದಳು. ಇಂಬಳ ಉದುರಿತು. ಅದು ಕಚ್ಚಿದ ಜಾಗದಿಂದ ರಕ್ತ ಸಣ್ಣಗೆ ಇಳಿಯತೊಡಗಿತು. ಇಂಬಳ ಕಚ್ಚಿದ ಗಾಯ ಬೇಗ ನಿಲ್ಲುವುದಿಲ್ಲ, ಮೇಲಾಗಿ ಅವನು ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದ. ಅವಳು ಒರೆಸಿದಳು, ಮತ್ತೆ ಬಂತು. ಒಳಗಿನಿಂದ ಶುಭ್ರವಾದ ಬಟ್ಟೆ ತಂದು ಕಟ್ಟಿದಳು, ಅದೂ ನೆನೆಯಿತು. ನಾಲ್ಕು ತಿಂಗಳು ಆ ಕಾಲಿನಿಂದ ಅವಳು ಒಣ ಬಟ್ಟೆಯನ್ನೇ ಬಿಚ್ಚಿದ್ದಳು. ಕಟ್ಟುವುದನ್ನು ನಿಲ್ಲಿಸಿ, ಎರಡೂ ಅಂಗೈಗಳನ್ನು ಎರಡು ಪಾದಗಳ ಮೇಲಿಟ್ಟಳು. ತುಂಬ ಹೊತ್ತು ಹಾಗೇ ಇಟ್ಟುಕೊಂಡಳು.

"ಹೆಂಗೈತೆ?" ಎಂದು ಶಾಂತವೀರಪ್ಪ ಮೆಲ್ಲಗೆ ಕೇಳಿದ.

ಇನ್ನೊಂದು ಬಟ್ಟೆ ತರುತ್ತೇನೆಂದು ಒಳಗೆ ಹೋದವಳು, ಹತ್ತು ದಿನಕ್ಕೆಂದು ಕಟ್ಟಿಟ್ಟ ಆ ಚೀಲದ ಪಕ್ಕದಲ್ಲೇ ಕುಳಿತು ಅತ್ತಳು. ಅಳು ಮುಗಿದ ಮೇಲೆ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಒಂದು ದಿನಕ್ಕೆ ಬೇಕಾಗುವಷ್ಟನ್ನು ಮಾತ್ರ ಚೀಲದಲ್ಲಿ ಉಳಿಸಿದಳು.